ಎಲ್ಲದಕ್ಕೂ ‘ಬೋರು’ ಅನ್ನುವ 11–12ರ ಮಕ್ಕಳು: ಆಸಕ್ತಿ ಹುಟ್ಟಿಸೋಕೆ ಎಲ್ಲಿಂದ ಶುರು ಮಾಡೋದು?

ಹೊಂಗೆನೆರಳು (ಚರ್ಚೆ ಆರಂಭ)

ಹುಡುಗನಿಗೆ 11, ಆರನೇ ಕ್ಲಾಸು. ಓದಿನಲ್ಲಿ ತೀರಾ ಹಿಂದೂ ಇಲ್ಲ, ಮುಂದೂ ಇಲ್ಲ. ಕೀಬೋರ್ಡು, ಕರಾಟೆ, ಚೆಸ್ಸು ಮೂರೂ ಅರ್ಧಕ್ಕೇ ನಿಂತಿವೆ. ‘ಏನು ಇಷ್ಟ?’ ಅಂತ ಕೇಳಿದರೆ ‘ಗೊತ್ತಿಲ್ಲ’. ಬಿಡುವು ಸಿಕ್ಕರೆ ಮೊಬೈಲು, ಅದನ್ನು ಎತ್ತಿಟ್ಟರೆ ಸುಮ್ಮನೆ ಮಲಗಿರ್ತಾನೆ. ಬುದ್ಧಿಮಾತು ಬೇಡ, ಇನ್ನೊಂದು ಕ್ಲಾಸಿನ ಹೆಸರೂ ಬೇಡ. ನಾಳೆ ಮನೆಯಲ್ಲಿ ಕೂತು ಏನು ಮಾಡಬಹುದು ಅಂತ ಬಿಡಿಸಿ ಹೇಳಿ. ಸಾಮಾನು, ಅಳತೆ, ಎಲ್ಲಿ ಕೆಡುತ್ತೆ ಅನ್ನೋದು ಸಮೇತ. ಒಂದನ್ನು ಎಷ್ಟು ದಿನ ಹಿಡಿದು ಮಾಡಿಸಬೇಕು, ಯಾವಾಗ ಬಿಡಬೇಕು ಅನ್ನೋದು ಇನ್ನೊಂದು ಪ್ರಶ್ನೆ.

ಎಸ್ಕೆಬಿ (ಶಾಲಾ ಆಪ್ತಸಮಾಲೋಚನೆ)

ಆಸಕ್ತಿಯ ಮಾತು ಆಮೇಲೆ. ಮೊದಲು ಮೈ ನೋಡಿ.

ನಿದ್ದೆ: 6ರಿಂದ 12 ವರ್ಷದ ಮಕ್ಕಳಿಗೆ ದಿನಕ್ಕೆ 9ರಿಂದ 12 ಗಂಟೆ ಬೇಕು. ಆರೂವರೆಗೆ ಎದ್ದು ಸ್ಕೂಲ್ ವ್ಯಾನು ಹಿಡಿಯೋ ಮಗು ರಾತ್ರಿ ಹನ್ನೊಂದಕ್ಕೆ ಮಲಗಿದರೆ ಏಳೂವರೆ ಗಂಟೆ ಮಾತ್ರ ಸಿಕ್ಕಿತು. ಆ ಸಾಲವನ್ನು ಭಾನುವಾರ ತೀರಿಸೋಕಾಗಲ್ಲ. ಸಂಜೆ ಹೊತ್ತಿಗೆ ಅಂಥ ಮಗುವಿಗೆ ಯಾವ ಹೊಸದನ್ನು ತೋರಿಸಿದರೂ ಬರೋ ಉತ್ತರ ಒಂದೇ, ಬೋರು.

ರಕ್ತ: ವಿಶ್ವ ಆರೋಗ್ಯ ಸಂಸ್ಥೆಯ ಗಡಿ ಪ್ರಕಾರ 5–11 ವಯಸ್ಸಿನಲ್ಲಿ ಹಿಮೋಗ್ಲೋಬಿನ್ (ಡೆಸಿಲೀಟರಿಗೆ ಗ್ರಾಂ ಲೆಕ್ಕದಲ್ಲಿ) 11.5ಕ್ಕಿಂತ, 12–14ರಲ್ಲಿ 12ಕ್ಕಿಂತ ಕೆಳಗಿದ್ದರೆ ರಕ್ತಹೀನತೆ. ಬೇಗ ಸುಸ್ತು, ಗಮನ ನಿಲ್ಲದಿರೋದು, ಆಟಕ್ಕೆ ಹೋಗದೆ ಕೂತುಬಿಡೋದು, ಇವೆಲ್ಲ ಹೊರಗಿಂದ ಸೋಮಾರಿತನದ ಹಾಗೇ ಕಾಣ್ತವೆ. ಮುಟ್ಟು ಶುರುವಾದ ಹುಡುಗಿಯರಲ್ಲಂತೂ ಈ ಪರೀಕ್ಷೆ ಬಿಡಲೇಬೇಡಿ.

ಕಣ್ಣು: ಈ ವಯಸ್ಸಿನಲ್ಲಿ ಸಮೀಪದೃಷ್ಟಿ, ಅಂದರೆ ದೂರದ್ದು ಮಸುಕಾಗಿ ಕಾಣೋದು, ಹೆಚ್ಚೋದು ಸಾಮಾನ್ಯ. ಮಗು ತಾನಾಗಿ ಹೇಳಲ್ಲ, ಯಾಕಂದರೆ ಎಲ್ಲರಿಗೂ ಹೀಗೇ ಕಾಣುತ್ತೆ ಅಂತ ಅದು ಅಂದುಕೊಂಡಿರುತ್ತೆ. ಚೆಂಡು ಕಾಣದವನಿಗೆ ಕ್ರಿಕೆಟ್ ಇಷ್ಟವಾಗೋದಾದರೂ ಹೇಗೆ?

ಓದು: ಅವನು ನೋಡಿರದ ಒಂದು ಪ್ಯಾರಾ ಕೊಡಿ, ಹಿಂದಿನ ತರಗತಿ ಮಟ್ಟದ್ದು. ಗಟ್ಟಿಯಾಗಿ ಓದಲಿ, ಆಮೇಲೆ ತನ್ನ ಮಾತಲ್ಲಿ ಹೇಳಲಿ. ಹತ್ತು ಪದಕ್ಕೆ ಒಂದಕ್ಕಿಂತ ಹೆಚ್ಚು ಕಡೆ ತಡವರಿಸಿದರೆ, ಒತ್ತಕ್ಷರದ ಹತ್ತಿರ ಪದೇ ಪದೇ ನಿಂತರೆ, ಓದು ಅವನಿಗೆ ಹೊರೆಯಾಗಿದೆ ಅಂತರ್ಥ. ಆಟದ ನಿಯಮ, ಕಿಟ್ಟಿನ ಸೂಚನೆ, ಎಲ್ಲದರಲ್ಲೂ ಆ ಹೊರೆ ಇರುತ್ತೆ. ಕಲಿಕಾ ತೊಂದರೆಯ ತಪಾಸಣೆ ಮಾಡಿಸಿ.

ಕೊನೆಯದು ತುರ್ತಿನದು. ಮೊದಲು ಇಷ್ಟಪಡುತ್ತಿದ್ದುದನ್ನೂ ಬಿಟ್ಟು ಎರಡು ವಾರ ದಾಟಿದ್ದರೆ, ಜತೆಗೆ ಊಟ ನಿದ್ದೆ ಏರುಪೇರಾಗಿದ್ದರೆ, ಗೆಳೆಯರನ್ನು ದೂರ ಇಟ್ಟಿದ್ದರೆ ಖಿನ್ನತೆ ಇರಬಹುದು. ಮಕ್ಕಳಲ್ಲಿ ಅದು ಅಳುವಾಗಿ ಬರೋದಕ್ಕಿಂತ ಸಿಡುಕಾಗಿ ಬರೋದು ಹೆಚ್ಚು. ಸಾಯೋ ಮಾತು ಆಡಿದರೆ ಒಂದು ದಿನವೂ ಕಾಯಬೇಡಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416, ಹಗಲು ರಾತ್ರಿ ಉಚಿತ, ಕನ್ನಡದಲ್ಲೇ ಮಾತಾಡಬಹುದು.

ರಾತ್ರಿಪಾಳಿ

ಸೋಮಾರಿತನಕ್ಕೂ ರಕ್ತಪರೀಕ್ಷೆನಾ? ನಾಲ್ಕು ದಿನ ಹೊಲಕ್ಕೆ ಕಳಿಸಿದರೆ ಎಲ್ಲ ಸರಿಹೋಗುತ್ತೆ.

ಎಸ್ಕೆಬಿ

@ರಾತ್ರಿಪಾಳಿ ಕಳಿಸಿ, ತಪ್ಪಿಲ್ಲ. ಹಿಮೋಗ್ಲೋಬಿನ್ 9 ಇರೋ ಮಗು ಹೊಲದಲ್ಲೂ ಮರದ ಕೆಳಗೇ ಕೂರುತ್ತೆ. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಒಂದು ಹನಿ ರಕ್ತ ಕೊಟ್ಟರೆ ಮುಗಿಯೋ ವಿಷಯ.

ಸುಣ್ಣದಕಡ್ಡಿ

ಮೈ ಸರಿಯಿದೆ ಅಂತಿಟ್ಟುಕೊಂಡು ಮುಂದಕ್ಕೆ ಹೇಳ್ತೀನಿ.

‘ನಿನಗೇನು ಇಷ್ಟ?’ ಅನ್ನೋ ಪ್ರಶ್ನೆಯನ್ನು ಇವತ್ತೇ ನಿಲ್ಲಿಸಿ. ಆಸಕ್ತಿ ಒಳಗೆಲ್ಲೋ ಅಡಗಿ ಕೂತಿದೆ, ಹುಡುಕಿ ತೆಗೆಯಬೇಕು ಅನ್ನೋ ನಂಬಿಕೆಯಿಂದ ಬರೋ ಪ್ರಶ್ನೆ ಅದು. ಹಿಡಿ ಮತ್ತು ರೆನಿಂಜರ್ ಅನ್ನೋ ಇಬ್ಬರು ಸಂಶೋಧಕರು 2006ರಲ್ಲಿ ಇದನ್ನು ನಾಲ್ಕು ಹಂತವಾಗಿ ಬಿಡಿಸಿದರು. ಮೊದಲ ಹಂತದ ಕಿಡಿ ಹೊರಗಿನಿಂದಲೇ ಬರೋದು: ಒಂದು ವಸ್ತು, ಒಂದು ದೃಶ್ಯ, ಜತೆಗಿರೋ ಒಬ್ಬ ಮನುಷ್ಯ. ಎರಡನೇ ಹಂತದಲ್ಲೂ ಹೊರಗಿನ ಆಸರೆ ಬೇಕೇ ಬೇಕು. ‘ಇದು ನಂದು’ ಅನ್ನೋ ಭಾವ ಬರೋದು ಮೂರನೇ ಹಂತಕ್ಕೆ. ನಾವು ಮಾಡೋದೇನು? ಕಿಡಿ ಕಂಡ ವಾರವೇ ಒಂದು ವರ್ಷದ ಫೀಸು ಕಟ್ಟಿ, ಆಸಕ್ತಿ ಪೂರ್ತಿ ಬೇರೂರಿದ ನಾಲ್ಕನೇ ಹಂತದ ಶಿಸ್ತು ಬೇಡ್ತೀವಿ.

2018ರಲ್ಲಿ ಓಕೀಫ್, ಡ್ವೆಕ್, ವಾಲ್ಟನ್ ಅನ್ನೋರು ಕಾಲೇಜು ವಿದ್ಯಾರ್ಥಿಗಳ ಮೇಲೆ ಮಾಡಿದ ಅಧ್ಯಯನವೂ ಇಲ್ಲಿಗೆ ಒದಗುತ್ತೆ. ಕಪ್ಪುರಂಧ್ರದ ಬಗ್ಗೆ ಸೊಗಸಾದ ವಿಡಿಯೋ ತೋರಿಸಿದಾಗ ಹೆಚ್ಚಿನವರಿಗೆ ಕುತೂಹಲ ಬಂತು. ಆಮೇಲೆ ಅದೇ ವಿಷಯದ ಕಷ್ಟದ ಲೇಖನ ಕೊಟ್ಟರು. ಆಸಕ್ತಿ ಹುಟ್ಟಿನಿಂದಲೇ ನಿಗದಿಯಾಗಿರುತ್ತೆ ಅಂತ ನಂಬಿದವರ ಕುತೂಹಲ ಹೆಚ್ಚು ಇಳಿಯಿತು, ಬೆಳೆಸಿಕೊಳ್ಳಬಹುದು ಅಂತ ನಂಬಿದವರದು ಅಷ್ಟಾಗಿ ಇಳಿಯಲಿಲ್ಲ. ‘ನನಗಿದು ಅಲ್ಲ ಅನ್ಸತ್ತೆ’ ಅಂತ ಕೀಬೋರ್ಡು ಬಿಡೋ ಹುಡುಗನಿಗೆ ಆ ಮಾತು ಸಿಕ್ಕಿದ್ದು ಹೆಚ್ಚಾಗಿ ಮನೆಯಲ್ಲೇ.

ಮೊದಲ ಕೆಲಸವಾಗಿ ಎಂಥದ್ದನ್ನು ಆರಿಸಬೇಕು? ಒಂದೇ ಸಲ ಕೂತಾಗ, ಅಂದರೆ 45ರಿಂದ 90 ನಿಮಿಷದೊಳಗೆ, ಮುಗಿಯಬೇಕು. ಮುಗಿದ ಮೇಲೆ ಕೈಗೆ ಸಿಗೋ ಏನಾದರೂ ಉಳಿಯಬೇಕು. ತಪ್ಪಾದರೆ ಅದು ತಪ್ಪು ಅಂತ ವಸ್ತುವೇ ಹೇಳಬೇಕು, ದೊಡ್ಡವರು ಹೇಳಬೇಕಾದ ಸ್ಥಿತಿ ಇರಬಾರದು. ಸಾಮಾನಿನ ಖರ್ಚು ಬಿಟ್ಟುಹೋದರೂ ಯಾರ ಹೊಟ್ಟೆಯೂ ಉರಿಯದಷ್ಟು ಇರಬೇಕು. ಕೀಬೋರ್ಡು, ಕರಾಟೆ, ಚೆಸ್ಸು ಈ ಮೂರೂ ಮೊದಲ ಷರತ್ತಿನಲ್ಲೇ ಬಿದ್ದುಹೋಗ್ತವೆ. ಅವುಗಳ ಫಲ ಕಾಣೋಕೆ ತಿಂಗಳುಗಳು ಬೇಕು.

ದೊಡ್ಡವರು ಪಕ್ಕದಲ್ಲಿ ಕೂತು ತಮ್ಮದೇ ಇನ್ನೊಂದು ಮಾಡಬೇಕು. ಅವನದ್ದಕ್ಕೆ ಕೈಹಾಕಬಾರದು. ಎರಡು ಜೊತೆ ಸಾಮಾನು ತರೋದು ಅದಕ್ಕೇ.

ಮುಗಿದ ಮೇಲೆ ‘ಇಷ್ಟ ಆಯ್ತಾ?’ ಅಂತ ಕೇಳಬೇಡಿ. ನೋಟ್‌ಬುಕ್ಕಿನಲ್ಲಿ, ಅವನಿಗೆ ಕಾಣದ ಹಾಗೆ, ಮೂರು ಗುರುತು ಹಾಕಿಕೊಳ್ಳಿ. ಕರೆಯದೆ ಮತ್ತೆ ಅದರ ಹತ್ತಿರ ಹೋದನಾ? ತಾನಾಗಿ ಒಂದು ಪ್ರಶ್ನೆ ಕೇಳಿದನಾ? ಹೇಳಿಕೊಟ್ಟದ್ದನ್ನು ಬಿಟ್ಟು ಏನಾದರೂ ಬದಲಾಯಿಸಿ ನೋಡಿದನಾ? ಮೂರನೆಯದು ಎಲ್ಲಕ್ಕಿಂತ ತೂಕದ್ದು. ನಕ್ಕನಾ, ಖುಷಿಯಾಗಿದ್ದನಾ ಅನ್ನೋದರಿಂದ ಏನೂ ತಿಳಿಯಲ್ಲ. ಗಮನ ಇಟ್ಟವರ ಮುಖ ಗಂಟಿಕ್ಕಿಕೊಂಡೇ ಇರುತ್ತೆ.

ವಾರಕ್ಕೊಂದರಂತೆ ಆರು ವಾರ, ಆರು ಬೇರೆ ಬೇರೆ ಕೆಲಸ ನೋಡಿ.

ತಂತಿಮೀಟರ್

ಕೊನೆಯ ಸಾಲು ಬಿಟ್ಟು ಉಳಿದದ್ದಕ್ಕೆಲ್ಲ ಒಪ್ಪಿಗೆ. ಆರು ವಾರ ಆರು ಕೆಲಸ ಅಂದರೆ ಆರು ಮೊದಲ ದಿನಗಳು ಅಷ್ಟೇ. ಬದಲಾಯಿಸಿ ನೋಡೋಕೆ ಅವಕಾಶವೇ ಬರಲ್ಲ. ಒಂದೇ ಸಾಮಾನು ಎರಡು ವಾರ ಇರಲಿ: ಮೊದಲ ವಾರ ಹೇಳಿದ ಹಾಗೆ, ಎರಡನೇ ವಾರ ಕೆಡಿಸಿ ನೋಡೋಕೆ.

ಎಲೆಕ್ಟ್ರಾನಿಕ್ಸಿನಲ್ಲಿ ಇದಕ್ಕೆ ಸರಿಹೊಂದೋದು 555 ಟೈಮರ್ ಐಸಿ, ಅಂದರೆ ಹೊತ್ತು ಅಳೆದು ಕರೆಂಟು ಬಿಟ್ಟು ಬಿಟ್ಟು ಕೊಡೋ ಎಂಟು ಕಾಲಿನ ಪುಟ್ಟ ಚಿಪ್. ಬೇಕಾದ್ದು: ಒಂದು ಬ್ರೆಡ್‌ಬೋರ್ಡ್ (ಬೆಸುಗೆಯಿಲ್ಲದೆ ತಂತಿ ಚುಚ್ಚಿ ಜೋಡಿಸೋ ಹಲಗೆ), 555 ಎರಡು (ಒಂದು ಸುಡುತ್ತೆ ಅಂತ ಇಟ್ಟುಕೊಳ್ಳಿ), ರೆಸಿಸ್ಟರ್ 470 ಓಮ್, 1 ಕಿಲೋಓಮ್, 47 ಕಿಲೋಓಮ್ ಒಂದೊಂದು, 10 ಮೈಕ್ರೋಫ್ಯಾರಡ್ ಕೆಪಾಸಿಟರ್, 5 ಮಿಲಿಮೀಟರ್ ಕೆಂಪು ಎಲ್‌ಇಡಿ ಎರಡು ಮೂರು, 9 ವೋಲ್ಟ್ ಬ್ಯಾಟರಿ ಮತ್ತು ಕ್ಲಿಪ್, ಜಂಪರ್ ವೈರು. ಬೆಂಗಳೂರಿನಲ್ಲಾದರೆ ಎಸ್.ಪಿ. ರಸ್ತೆಯಲ್ಲಿ ಎಲ್ಲ ಬಿಡಿಬಿಡಿಯಾಗಿ ಸಿಗುತ್ತೆ. ಅವನನ್ನೇ ಕರೆದುಕೊಂಡು ಹೋಗಿ, ಚೀಟಿ ಅವನ ಕೈಯಲ್ಲೇ ಇರಲಿ.

ಜೋಡಣೆ: ಐಸಿಯ ಕಚ್ಚು ಎಡಕ್ಕಿರಲಿ. ಆಗ ಕೆಳಸಾಲಿನ ಎಡತುದಿ 1ನೇ ಕಾಲು, ಅಲ್ಲಿಂದ ಬಲಕ್ಕೆ 4ರವರೆಗೆ, ಮೇಲಿನ ಸಾಲಿನಲ್ಲಿ ಬಲದಿಂದ ಎಡಕ್ಕೆ 5ರಿಂದ 8. 1ನೇ ಕಾಲು ಬ್ಯಾಟರಿಯ ಋಣಕ್ಕೆ, 8 ಮತ್ತು 4 ಧನಕ್ಕೆ. 2 ಮತ್ತು 6 ಒಂದಕ್ಕೊಂದು ಸೇರಲಿ. ಧನದಿಂದ 7ಕ್ಕೆ 1 ಕಿಲೋಓಮ್, 7ರಿಂದ 6ಕ್ಕೆ 47 ಕಿಲೋಓಮ್. 6ರಿಂದ ಋಣಕ್ಕೆ ಕೆಪಾಸಿಟರ್, ಅದರ ಬಿಳಿಪಟ್ಟಿ ಇರೋ ಕಾಲು ಋಣದ ಕಡೆಗೆ. 3ನೇ ಕಾಲಿನಿಂದ 470 ಓಮ್ ದಾಟಿ ಎಲ್‌ಇಡಿಯ ಉದ್ದ ಕಾಲು, ಗಿಡ್ಡ ಕಾಲು ಋಣಕ್ಕೆ. ಸೆಕೆಂಡಿಗೆ ಒಂದೂವರೆ ಸಲ ಮಿಣುಕುತ್ತೆ. ಲೆಕ್ಕ ಬೇಕಾದವರಿಗೆ: 1.44ನ್ನು (1 ಕಿಲೋಓಮ್ + 47ರ ಎರಡರಷ್ಟು) × ಕೆಪಾಸಿಟರ್ ಬೆಲೆಯಿಂದ ಭಾಗಿಸಿ.

ಎರಡನೇ ವಾರ ಕೆಪಾಸಿಟರ್ ತೆಗೆದು 100 ಮೈಕ್ರೋಫ್ಯಾರಡ್ ಹಾಕಲಿ. ಒಂದು ಸುತ್ತಿಗೆ ಆರೇಳು ಸೆಕೆಂಡು ಹಿಡಿಯುತ್ತೆ. 0.01 ಮೈಕ್ರೋಫ್ಯಾರಡ್ ಹಾಕಿ, ಎಲ್‌ಇಡಿ ಮತ್ತು 470 ಓಮಿನ ಜಾಗದಲ್ಲಿ ಪಿಯೆಜೋ ಬಿಲ್ಲೆ (ಸದ್ದು ಮಾಡೋ ತೆಳು ತಗಡು) ಇಟ್ಟರೆ ಕೀರಲು ಸದ್ದು. ಈಗ 47 ಕಿಲೋಓಮಿನ ಬದಲು, ಬೆಳಕು ಬಿದ್ದಷ್ಟೂ ತಡೆ ಕಡಿಮೆಯಾಗೋ ರೆಸಿಸ್ಟರ್ ಆದ ಎಲ್‌ಡಿಆರ್ ಹಾಕಿ. ಅದರ ಮೇಲೆ ಕೈ ಅಡ್ಡ ಹಿಡಿದರೆ ಸ್ವರ ಇಳಿಯುತ್ತೆ, ತೆಗೆದರೆ ಏರುತ್ತೆ. ಸಾಮಾನ್ಯವಾಗಿ ಹುಡುಗರು ಆಸಕ್ತಿಯ ಬಲೆಗೆ ಸಿಕ್ಕಿಬೀಳೋದು ಈ ಜಾಗದಲ್ಲಿ.

ಕೆಡೋ ಕಡೆಗಳು: 4ನೇ ಕಾಲನ್ನು ಧನಕ್ಕೆ ಕೊಡೋದು ಮರೆತರೆ ಒಮ್ಮೆ ಮಿಣುಕುತ್ತೆ, ಒಮ್ಮೆ ಇಲ್ಲ. ಉದ್ದನೆಯ ಕೆಲವು ಬ್ರೆಡ್‌ಬೋರ್ಡುಗಳಲ್ಲಿ ಅಂಚಿನ ಪಟ್ಟಿ ನಡುವೆ ತುಂಡಾಗಿರುತ್ತೆ, ಅರ್ಧ ಬೋರ್ಡಿಗೆ ಕರೆಂಟೇ ಬರಲ್ಲ. ಐಸಿ ತಿರುಗಿಸಿ ಹಾಕಿದರೆ ಬಿಸಿಯಾಗುತ್ತೆ, ಕೂಡಲೇ ಬ್ಯಾಟರಿ ತೆಗೆಯಿರಿ. ಗೋಡೆಯ ಪ್ಲಗ್ಗಿಗೆ ಸಂಬಂಧಿಸಿದ ಯಾವುದೂ ಈ ಕೆಲಸದ ಹತ್ತಿರ ಬರಕೂಡದು.

ಹೊಂಗೆನೆರಳು

ಎಲ್‌ಇಡಿ ಮಿಣುಕದೆ ಸುಮ್ಮನೆ ಉರೀತಾ ನಿಂತರೆ?

ತಂತಿಮೀಟರ್

ಎರಡು ಕಾರಣ ಇರಬಹುದು. 10 ಮೈಕ್ರೋಫ್ಯಾರಡ್ ಬದಲು 103 ಅಂತ ಬರೆದ ಪುಟ್ಟ ಸೆರಾಮಿಕ್ ಬಿಲ್ಲೆ ಹಾಕಿದ್ದೀರಿ. ಅದು 0.01, ಸೆಕೆಂಡಿಗೆ ಸುಮಾರು 1500 ಸಲ ಮಿಣುಕುತ್ತೆ, ಕಣ್ಣಿಗೆ ಗೊತ್ತಾಗಲ್ಲ. ಇಲ್ಲವೇ 2–6ರ ತಂತಿ ಕಳಚಿದೆ. ಯಾವುದು ಅಂತ ನೀವು ಹೇಳಬೇಡಿ. ‘ಎಲ್ಲಿಂದ ಎಲ್ಲಿಗೆ ಹೋಗಿದೆ, ಬೆರಳಿಟ್ಟು ತೋರಿಸು’ ಅಂದರೆ ಸಾಕು, ತೋರಿಸ್ತಾ ತೋರಿಸ್ತಾ ಅವನಿಗೇ ಸಿಗುತ್ತೆ.

ಇದರಲ್ಲಿ ಹಿಡಿತ ಬಂದವರಿಗೆ ಮುಂದಿನ ದಾರಿಯೂ ಇದೆ. ಹವ್ಯಾಸಿ ರೇಡಿಯೋ, ಅಂದರೆ ಹ್ಯಾಮ್ ಪರವಾನಗಿ ಪರೀಕ್ಷೆಗೆ ನಮ್ಮ ದೇಶದಲ್ಲಿ ಕನಿಷ್ಠ ವಯಸ್ಸು 12. ಬೆಂಗಳೂರಿನಲ್ಲಿ ಹ್ಯಾಮ್‌ಗಳ ಬಳಗ ಹಳೆಯದು, ದೊಡ್ಡದು. ದೊಡ್ಡವರ ಪರೀಕ್ಷೆಯನ್ನೇ ತಾನೂ ಬರೀತೀನಿ ಅನ್ನೋದು ಆ ವಯಸ್ಸಿಗೆ ಸಣ್ಣ ಮಾತಲ್ಲ.

ಕಾವಲಿಸದ್ದು

ಎಲ್ಲರ ಮನೆಯಲ್ಲೂ 555 ಇರಲ್ಲ, ಅಕ್ಕಿ ಇರುತ್ತೆ. ನೀರ್‌ದೋಸೆ ಮಾಡಿಸಿ. ಹುದುಗು ಬರಿಸೋ ತಲೆನೋವಿಲ್ಲ, ಸರಿ ಬಂತೋ ಇಲ್ಲವೋ ಅನ್ನೋದು ಒಂದೇ ನಿಮಿಷದಲ್ಲಿ ಗೊತ್ತಾಗುತ್ತೆ.

ಒಂದು ಲೋಟ ಅಕ್ಕಿ (200 ಗ್ರಾಂ), 4 ಗಂಟೆ ನೆನೆ. ಎರಡು ದೊಡ್ಡ ಚಮಚ ತೆಂಗಿನತುರಿ ಸೇರಿಸಿ ನುಣ್ಣಗೆ ರುಬ್ಬಲಿ. ಬೆರಳಿಗೆ ತರಿ ಸಿಗಬಾರದು. ಒಟ್ಟು ಎರಡೂವರೆಯಿಂದ ಮೂರು ಲೋಟ ನೀರು ಹೋಗುತ್ತೆ, ಮಜ್ಜಿಗೆಯಷ್ಟು ತೆಳು. ಉಪ್ಪು. ಕಾವಲಿ ಚೆನ್ನಾಗಿ ಕಾದ ಮೇಲೆ ಎಣ್ಣೆ ಸವರಿ ಅಂಚಿನಿಂದ ನಡುವಿಗೆ ಹುಯ್ಯಬೇಕು, ಸೌಟಿನಿಂದ ಹರಡಬಾರದು. ಮುಚ್ಚಳ ಹಾಕಿ ಒಂದು ನಿಮಿಷ. ಮಗುಚೋದಿಲ್ಲ. 10–12 ಆಗುತ್ತೆ.

ತೂತು ಬೀಳಲಿಲ್ಲ ಅಂದರೆ ಕಾವಲಿ ಕಾದಿಲ್ಲ ಅಥವಾ ಹಿಟ್ಟು ದಪ್ಪ. ಏಳುವಾಗ ಹರಿದರೆ ರುಬ್ಬಿದ್ದು ತರಿ ಅಥವಾ ನೀರು ಜಾಸ್ತಿ. ಮೊದಲೆರಡು ಚೆನ್ನಾಗಿ ಬಂದು ಆಮೇಲಿನವು ಕೆಟ್ಟರೆ ಅಕ್ಕಿ ತಳಕ್ಕಿಳಿದಿದೆ, ಪ್ರತಿಸಲ ಕಲಕಿ ಹುಯ್ಯಬೇಕು. ಈ ಮೂರು ತಪ್ಪನ್ನೂ ಅವನೇ ಕಂಡುಹಿಡಿಯೋಕೆ ಬಿಡಿ. ಹರಿದ ದೋಸೆಯನ್ನು ತಿಂದು ಮುಗಿಸಬಹುದು, ಇದು ಬೇರೆ ಹವ್ಯಾಸಗಳಿಗಿಲ್ಲದ ಅನುಕೂಲ. ಒಲೆ ಹತ್ತಿಸೋವಾಗ ಪಕ್ಕದಲ್ಲಿರಿ. ಸಿಂಥೆಟಿಕ್ ಬಟ್ಟೆ ಬೇಡ.

ಇನ್ನೊಂದು ಮಾತು. ಅಡುಗೆ ಅಂದಕೂಡಲೇ ಹುಡುಗಿಯನ್ನು ಕರೆಯೋದು, ಸರ್ಕಿಟ್ ಅಂದರೆ ಹುಡುಗನನ್ನು ಕರೆಯೋದು ಬಿಡಿ. ಅರ್ಧ ಮಕ್ಕಳ ಆಸಕ್ತಿ ಅಲ್ಲೇ ಸೋರಿಹೋಗ್ತಿದೆ.

ಗಂಟೆಗೊಂದು

ಮೊಬೈಲ್ ಬಗ್ಗೆ ಯಾರೂ ಮಾತಾಡಲಿಲ್ಲ. ಕಿತ್ತುಕೊಂಡರೆ ಆ ಜಾಗ ಖಾಲಿ ಬೀಳುತ್ತೆ, ಖಾಲಿ ಜಾಗದಲ್ಲಿ ಜಗಳ ತುಂಬುತ್ತೆ. ಮೊದಲು ಒಂದು ವಾರ ಅವನು ಏನು ನೋಡ್ತಾನೆ ಅಂತ ಗಮನಿಸಿ. ಆಟದ ವಿಡಿಯೋನಾ, ಕ್ರಿಕೆಟ್ ತುಣುಕಾ, ಏನಾದರೂ ಮಾಡೋದನ್ನು ತೋರಿಸೋ ವಿಡಿಯೋನಾ. ನೋಡೋದನ್ನು ಮಾಡೋದಕ್ಕೆ ತಿರುಗಿಸೋ ದಾರಿ ಪ್ರತಿಯೊಂದಕ್ಕೂ ಇದೆ. ಕ್ರಿಕೆಟ್ ನೋಡೋನಿಗೆ ಸ್ಕೋರ್‌ಬುಕ್ ಕೊಟ್ಟು, ಬೀದಿಯ ಪಂದ್ಯಕ್ಕೆ ಅವನನ್ನೇ ಸ್ಕೋರರ್ ಮಾಡಿ: ಚೆಂಡು ಚೆಂಡೂ ಬರೆಯೋದು, ಎಕಾನಮಿ, ಸ್ಟ್ರೈಕ್‌ರೇಟ್ ತೆಗೆಯೋದು. ಆಡೋಕೆ ಹಿಂಜರಿಯೋ ಹುಡುಗನೂ ಅಂಗಳದ ನಡುವೆ ಇರ್ತಾನೆ.

ವಿಡಿಯೋ ಹುಚ್ಚಿನವನಿಗೆ ಸ್ಟಾಪ್ ಮೋಷನ್. ಸೆಕೆಂಡಿಗೆ 12 ಚಿತ್ರ ಸಾಕು. ಮೊದಲ ಸಲ 5 ಸೆಕೆಂಡು, ಅಂದರೆ 60 ಚಿತ್ರ. ಒಂದು ಗಂಟೆ ಹಿಡಿಯುತ್ತೆ. ಸ್ಟಾಪ್ ಮೋಷನ್ ಸ್ಟುಡಿಯೋ ಅನ್ನೋ ಆಪ್ ಇದೆ. ಜೇಡಿಮಣ್ಣಿನ ಉಂಡೆಯನ್ನು ಪ್ರತಿ ಚಿತ್ರಕ್ಕೂ 3ರಿಂದ 5 ಮಿಲಿಮೀಟರ್ ಸರಿಸಬೇಕು. ಹೆಚ್ಚು ಸರಿಸಿದರೆ ಕುಪ್ಪಳಿಸಿದ ಹಾಗೆ ಕಾಣುತ್ತೆ. ಫೋನನ್ನು ಪುಸ್ತಕದ ರಾಶಿಗೆ ಟೇಪು ಹಾಕಿ ಬಿಗಿಯಿರಿ. ಫೋಕಸ್ಸು, ಎಕ್ಸ್‌ಪೋಷರ್ ಎರಡನ್ನೂ ಲಾಕ್ ಮಾಡಿ. ಕಿಟಕಿ ಮುಚ್ಚಿ ಒಂದೇ ಬಲ್ಬಿನ ಬೆಳಕಿನಲ್ಲಿ ತೆಗೆಯಿರಿ. ಇಲ್ಲದಿದ್ದರೆ ಮೋಡ ಸರಿದಾಗಲೆಲ್ಲ ಚಿತ್ರ ಮಿಣಮಿಣ ಅನ್ನುತ್ತೆ. ಫೋನು ಅಲುಗಿ ಕೆಡೋದೇ ಹೆಚ್ಚು, ಹಾಗಾಗಿ ಕ್ಲಿಕ್ ಮಾಡೋಕೆ ಇಯರ್‌ಫೋನಿನ ವಾಲ್ಯೂಮ್ ಗುಂಡಿ ನಡೆಯುತ್ತಾ ನೋಡಿ.

ರಾತ್ರಿಪಾಳಿ

ಇಷ್ಟೆಲ್ಲ ಯಾಕೆ? ಒಂದು ತಿಂಗಳು ಮಾಡಿದರೆ ಸೈಕಲ್ ಕೊಡಿಸ್ತೀನಿ ಅನ್ನಿ. ತಾನಾಗೇ ಮಾಡ್ತಾನೆ.

ಸುಣ್ಣದಕಡ್ಡಿ

@ರಾತ್ರಿಪಾಳಿ ಒಂದು ತಿಂಗಳು ಮಾಡ್ತಾನೆ, ನಿಜ. ಮೂವತ್ತೊಂದನೇ ದಿನದ ಮಾತು ಹೇಳಿ. 1973ರಲ್ಲಿ ಲೆಪ್ಪರ್, ಗ್ರೀನ್, ನಿಸ್ಬೆಟ್ ಇದನ್ನೇ ಪರೀಕ್ಷಿಸಿದರು. ಬಣ್ಣದ ಮಾರ್ಕರಿನಲ್ಲಿ ಚಿತ್ರ ಬರೆಯೋದು ಇಷ್ಟವಿದ್ದ ಶಿಶುವಿಹಾರದ ಮಕ್ಕಳು. ಕೆಲವರಿಗೆ ಮೊದಲೇ ‘ಬರೆದರೆ ಪ್ರಶಸ್ತಿಪತ್ರ’ ಅಂತ ಹೇಳಿದರು. ಕೆಲವರಿಗೆ ಹೇಳದೆ ಕೊನೆಗೆ ಕೊಟ್ಟರು. ಕೆಲವರಿಗೆ ಏನೂ ಇಲ್ಲ. ಕೆಲವು ದಿನ ಬಿಟ್ಟು ನೋಡಿದಾಗ, ಮೊದಲೇ ಆಸೆ ತೋರಿಸಿದ ಗುಂಪು ಮಾರ್ಕರ್ ಹಿಡಿದ ಸಮಯ ಉಳಿದವರ ಅರ್ಧದಷ್ಟಕ್ಕೆ ಇಳಿದಿತ್ತು. ಹೇಳದೆ ಕೊಟ್ಟವರಲ್ಲಿ ಇಳಿದಿರಲಿಲ್ಲ. ಹಾಗಾಗಿ ಸೈಕಲ್ ಬೇಕಿದ್ದರೆ ಸೈಕಲ್ಲಿಗಾಗಿಯೇ ಕೊಡಿಸಿ, ಕೆಲಸಕ್ಕೆ ಕಟ್ಟಬೇಡಿ.

ಪಾತ್ರೆ ತೊಳೆಯೋದು, ಕಸ ಗುಡಿಸೋದರಂಥ ಕೆಲಸಕ್ಕೆ ಲಂಚ ನಡೆಯುತ್ತೆ. ಅಲ್ಲಿ ಕಳೆದುಕೊಳ್ಳೋ ಆಸಕ್ತಿಯೇ ಇಲ್ಲವಲ್ಲ.

ಜಾಲಿಮುಳ್ಳು

ಸೈಕಲ್ ಅಂದ್ರಲ್ಲ, ಅದ ಛಲೋ ಕೆಲಸ ಐತಿ ನೋಡ್ರಿ. ಕೊಡಿಸೂದಲ್ಲ, ಪಂಕ್ಚರ್ ತೆಗೆಯೂದು. ನಮ್ಮ ಕಡೆ ಜಾಲಿ ಮುಳ್ಳಿಗೇನು ಬರ ಇಲ್ಲ, ವಾರಕ್ಕೊಂದು ಪಾಠ ಫುಕಟ್ ಸಿಗತೈತಿ.

ಟೈರ್ ಲಿವರ್ ಎರಡು, ಉಪ್ಪಿನ ಕಾಗದ, ರಬ್ಬರ್ ಸೊಲ್ಯೂಷನ್, ಪ್ಯಾಚು, ಪಂಪು, ಒಂದು ಬುಟ್ಟಿ ನೀರು. ಟ್ಯೂಬಿಗೆ ಗಾಳಿ ತುಂಬಿ ನೀರಾಗ ಮುಳುಗಿಸಿ ಗುಳ್ಳೆ ಬರೂ ಜಾಗ ಗುರುತು ಹಾಕ್ರಿ. ಒರೆಸಿ ಪೂರ್ತಿ ಒಣಗಿಸ್ರಿ. ಪ್ಯಾಚಿಗಿಂತ ಸ್ವಲ್ಪ ಅಗಲಾಗಿ ಉಪ್ಪಿನ ಕಾಗದ ಉಜ್ಜಿ ಹೊಳಪು ತೆಗೀರಿ. ಸೊಲ್ಯೂಷನ್ ತೆಳ್ಳಗ ಸವರಿ ಐದು ನಿಮಿಷ ಸುಮ್ಮನ ಇರ್ರಿ. ಹಸೀ ಇದ್ದಾಗ ಪ್ಯಾಚ್ ಒತ್ತಿದ್ರ ಸಂಜೀಕ ಕಿತ್ತು ಬರತೈತಿ, ಎಲ್ಲಾರೂ ಮಾಡೂ ತಪ್ಪು ಅದ. ಹೊಳಪು ಹೋಗಿ ಮಂಕಾದ ಮ್ಯಾಲ ಒತ್ರಿ. ಟ್ಯೂಬ್ ಹಾಕೂಕಿಂತ ಮೊದಲ ಟೈರಿನ ಒಳಮೈ ಅರಿವೆಲೆ ಒರೆಸಿ ನೋಡ್ರಿ, ಮುಳ್ಳು ಅಲ್ಲೇ ಇದ್ರ ಮತ್ತ ಚುಚ್ಚತೈತಿ. ಎರಡು ತೂತು ಜೋಡಿಯಾಗಿ ಇದ್ರ ಅದು ಮುಳ್ಳಲ್ಲ, ಗಾಳಿ ಕಡಿಮಿ ಇಟ್ಟು ಕಲ್ಲಿನ ಮ್ಯಾಲ ಹತ್ತಿಸಿದ್ದು.

ಹಳ್ಳ್ಯಾಗ ಕ್ಲಾಸಿಲ್ಲ, ಶಿಬಿರ ಇಲ್ಲ ಅನ್ನೋರಿಗೆ ಒಂದು ಮಾತು. ಗ್ರಾಮ ಪಂಚಾಯ್ತಿ ಗ್ರಂಥಾಲಯದಾಗ ‘ಓದುವ ಬೆಳಕು’ ಕಾರ್ಯಕ್ರಮದಡಿ ಮಕ್ಕಳಿಗೆ ಸದಸ್ಯತ್ವ ಪುಕ್ಕಟೆ. ಪುಸ್ತಕ ನೀವು ಆರಿಸಬ್ಯಾಡ್ರಿ. ಮೂರು ತರಲಿ, ಎರಡು ಓದದ ತಿರುಗಿ ಕೊಡಲಿ.

ಮಡಿವಾಳಹಕ್ಕಿ

ಹೊರಗೆ ಹೋಗೋಕೆ ಒಪ್ಪೋ ಮಗುವಾದರೆ ಹಕ್ಕಿ. ಶುರುವಿಗೆ ದುರ್ಬೀನು ಬೇಡ. ಬೆಳಿಗ್ಗೆ ಆರೂವರೆಯಿಂದ ಎಂಟರೊಳಗೆ ಒಂದೇ ಜಾಗದಲ್ಲಿ 15 ನಿಮಿಷ ನಿಂತು, ಕಂಡದ್ದು ಕೇಳಿದ್ದು ಎಲ್ಲ ಬರೆಯೋದು. ಕಾಗೆ, ಗೊರವಂಕ, ಪಿಕಳಾರ, ಸೂರಕ್ಕಿ, ಮಡಿವಾಳ ಹಕ್ಕಿ, ಕೆಂಬೂತ, ಟಿಟ್ಟಿಭ... ಊರೊಳಗೇ ಹತ್ತು ದಾಟುತ್ತೆ. ಮರ್ಲಿನ್ ಆಪ್ ಕೂಗು ಕೇಳಿ ಹೆಸರು ಹೇಳುತ್ತೆ. ಆದರೆ ಅದು ಹೇಳಿದ್ದನ್ನು ಹಾಗೇ ನಂಬಬಾರದು, ಕಣ್ಣಿಂದ ನೋಡಿ ಒಪ್ಪಬೇಕು ಅನ್ನೋ ನಿಯಮ ಇಡಿ. ಆಪು ಎಲ್ಲಿ ತಪ್ಪಿತು ಅಂತ ಹಿಡಿಯೋದು ಈ ವಯಸ್ಸಿಗೆ ಹಕ್ಕಿಗಿಂತ ಹೆಚ್ಚಿನ ಸುಖ. ಮುಂದೆ ಕೊಳ್ಳೋದಾದರೆ 8×42 ದುರ್ಬೀನು. 10ಕ್ಕಿಂತ ಹೆಚ್ಚು ವರ್ಧನೆಯದು ಮಕ್ಕಳ ಕೈಯಲ್ಲಿ ನಡುಗುತ್ತೆ.

ಎಲ್ಲ ಜಾಗ ಎಲ್ಲ ತಿಂಗಳಿಗೂ ಅಲ್ಲ. ಗದಗ ಜಿಲ್ಲೆಯ ಮಾಗಡಿ ಕೆರೆಗೆ ಪಟ್ಟೆತಲೆ ಹೆಬ್ಬಾತುಗಳು ಬರೋದು ಚಳಿಗಾಲದಲ್ಲಿ, ಮೇ ತಿಂಗಳಲ್ಲಿ ಹೋದರೆ ಬರೀ ಕೆರೆ. 2024ರಲ್ಲಿ ಅದಕ್ಕೂ ವಿಜಯನಗರ ಜಿಲ್ಲೆಯ ಅಂಕಸಮುದ್ರಕ್ಕೂ ರಾಮ್ಸರ್ ಮಾನ್ಯತೆ (ಜಗತ್ತಿನ ಮಟ್ಟದಲ್ಲಿ ಮಹತ್ವದ ಜೌಗುನೆಲ ಅನ್ನೋ ಗುರುತು) ಬಂತು, ರಂಗನತಿಟ್ಟಿಗೆ 2022ರಲ್ಲೇ ಬಂದಿತ್ತು. ಮೊದಲ ಪ್ರವಾಸವೇ ಖಾಲಿ ಕೆರೆಗಾದರೆ ಎರಡನೆಯದು ಇರಲ್ಲ.

ಚೌಕಿಮನೆ

ಒಬ್ಬೊಬ್ಬರೇ ಮಾಡೋದನ್ನೇ ಎಲ್ಲರೂ ಹೇಳ್ತಿದ್ದೀರಿ. 11–12ರ ಮಗುವಿಗೆ ಅಪ್ಪ ಅಮ್ಮನಿಗಿಂತ ಜೊತೆಯವರು ಮುಖ್ಯ ಆಗೋ ಕಾಲ. ಗುಂಪಿನಲ್ಲಿ ಮಾಡೋ ಕೆಲಸಕ್ಕೆ ಹಾಕಿ, ಆದರೆ ನಡುರಂಗಕ್ಕೆ ತಳ್ಳಬೇಡಿ. ಯಕ್ಷಗಾನದಲ್ಲಿ ಹೆಜ್ಜೆ ಬಾರದವನು ಬಾಯಿತಾಳದಿಂದ, ಅಂದರೆ ತಾಳದ ಸೊಲ್ಲುಗಳನ್ನು ಬಾಯಲ್ಲಿ ಹೇಳೋದರಿಂದ, ಶುರು ಮಾಡಬಹುದು. ಕೈಯಲ್ಲಿ ಏಕತಾಳ ಹಾಕೋಕೆ ಬಂದಮೇಲೇ ಕಾಲು. ಅದೂ ಬೇಡ ಅಂದವನು ಚೌಕಿಯಲ್ಲಿ (ವೇಷ ಹಾಕೋ ಕೋಣೆ) ಬಣ್ಣ ಕಲಸೋದು, ವೇಷ ಕಟ್ಟೋವಾಗ ದಾರ ಹಿಡಿಯೋದು ಮಾಡಲಿ. ದಿಗಿಣ (ಹಾರಿ ತಿರುಗೋ ಕುಣಿತ) ಹಾಕೋನನ್ನು ಹತ್ತಿರದಿಂದ ನೋಡ್ತಾ ನೋಡ್ತಾ ಒಂದು ದಿನ ಹಿತ್ತಲಲ್ಲಿ ಕದ್ದು ಹಾರಿ ನೋಡ್ತಾನೆ. ಉಡುಪಿ ಕಡೆಯಾದರೆ ಯಕ್ಷಶಿಕ್ಷಣ ಟ್ರಸ್ಟ್ ಶಾಲೆಗಳಲ್ಲೇ ಕಲಿಸುತ್ತೆ, ಕಲಿತದ್ದು ಕಿಶೋರ ಯಕ್ಷಗಾನದಲ್ಲಿ ರಂಗಕ್ಕೆ ಬರುತ್ತೆ. ಮೈಸೂರಿನವರಿಗೆ ಬೇಸಗೆಯಲ್ಲಿ ರಂಗಾಯಣದ ಚಿಣ್ಣರ ಮೇಳ ಇದೆ. ಅಲ್ಲೂ ಪರದೆ, ಮುಖವಾಡ, ಸದ್ದು, ಹಿಂದಿನ ಕೆಲಸ ಎಷ್ಟು ಬೇಕಾದರೂ ಇರುತ್ತೆ.

ಬಿಡೋದು ಯಾವಾಗ ಅಂತ ಕೇಳಿದ್ದಿರಿ. ಶುರುವಾಗೋ ಮೊದಲೇ ಇಬ್ಬರೂ ಒಪ್ಪಿ ಬರೆದಿಡಿ: ‘ಆರು ತರಗತಿ’ ಅಥವಾ ‘ಒಂದು ಪ್ರದರ್ಶನದವರೆಗೆ’. ಅದರ ನಡುವೆ ಬಿಡೋ ಹಾಗಿಲ್ಲ. ಅದು ಮುಗಿದ ದಿನ ಬಿಟ್ಟರೆ ಯಾರೂ ತುಟಿ ಎರಡು ಮಾಡೋ ಹಾಗಿಲ್ಲ. ಬೈಸಿಕೊಂಡ ದಿನ, ಸೋತ ದಿನ, ಜ್ವರದ ದಿನ ತೀರ್ಮಾನ ಇಲ್ಲ. ಗುರು ಹೊಡೆದರೆ, ಹೀಯಾಳಿಸಿದರೆ, ಮಗು ಅಲ್ಲಿರೋಕೆ ಹೆದರಿದರೆ ಮಾತ್ರ ಈ ಒಪ್ಪಂದ ಹರಿದು ಅವತ್ತೇ ಹೊರಗೆ ಬನ್ನಿ.

ಫೀಸು ತಿಂಗಳು ತಿಂಗಳಿಗೆ ಕಟ್ಟಿ. ವರ್ಷದ್ದು ಒಟ್ಟಿಗೆ ಕಟ್ಟಿದರೆ ರಿಯಾಯಿತಿ ಅನ್ನೋದರ ಲಾಭ ನಿಮಗಲ್ಲ. ಉಳಿದ ತಿಂಗಳುಗಳ ದುಡ್ಡಿಗೋಸ್ಕರ ನೀವೇ ಮಗುವನ್ನು ಎಳೆದುಕೊಂಡು ಹೋಗೋ ಹಾಗಾಗುತ್ತೆ. ವಾದ್ಯ ಮೊದಲ ಮೂರು ತಿಂಗಳು ಬಾಡಿಗೆಗೆ ಅಥವಾ ಎರವಲು.

ಹೊಂಗೆನೆರಳು

ತುಂಬಾ ಸಿಕ್ಕಿತು. ಒಂದೇ ತೊಡಕು. ಇವೆಲ್ಲ ಕೂತ ಮೇಲಿನ ಮಾತು. ‘ಬಾರೋ’ ಅಂದಕೂಡಲೇ ‘ಬೇಡ’ ಅಂತಾನಲ್ಲ?

ಸುಣ್ಣದಕಡ್ಡಿ

ಕರೆಯಬೇಡಿ. ‘ಬಾರೋ’ ಅಂದರೆ ‘ಬೇಡ’ ಅನ್ನೋದು ಆ ವಯಸ್ಸಿಗೆ ಉಸಿರಾಟದಷ್ಟು ಸಹಜ. ನೀವೇ ಶುರು ಮಾಡಿ, ಅವನು ಓಡಾಡೋ ಜಾಗದಲ್ಲಿ, ಊಟದ ಮೇಜಿನ ಮೇಲೆ. ಅರ್ಧಕ್ಕೆ ಸಿಕ್ಕಿಹಾಕಿಕೊಳ್ಳಿ, ನಾಟಕ ಬೇಡ, ನಿಜವಾಗಿಯೇ ಸಿಕ್ಕಿಹಾಕಿಕೊಳ್ತೀರಿ. ಎರಡನೇ ಜೊತೆ ಸಾಮಾನು ಪಕ್ಕದಲ್ಲಿ ಬಿಚ್ಚಿಟ್ಟಿರಲಿ. ಎದ್ದು ಹೋಗುವಾಗ ಎತ್ತಿಡಬೇಡಿ.

ಬಾಯಿಬಿಟ್ಟು ಹೇಳಲೇಬೇಕಾದರೆ ತೆರೆದ ಪ್ರಶ್ನೆ ಬೇಡ. ‘ದೋಸೆ ಹುಯ್ತೀಯಾ, ಪಂಕ್ಚರ್ ನೋಡ್ತೀಯಾ?’ ಅಂತ ಎರಡರಲ್ಲಿ ಒಂದು. ಎರಡೂ ಬೇಡ ಅಂದರೆ ‘ಸರಿ’ ಅಂದು ನಿಮ್ಮ ಕೆಲಸ ಮುಂದುವರಿಸಿ. ನಿಟ್ಟುಸಿರು, ‘ನಿನಗೋಸ್ಕರ ತಂದಿದ್ದು’ ಅನ್ನೋ ಮಾತು, ಪಕ್ಕದ ಮನೆ ಹುಡುಗನ ಹೆಸರು ಈ ಮೂರೂ ನಿಷಿದ್ಧ. ಶನಿವಾರ ಮಧ್ಯಾಹ್ನ ಊಟವಾದ ಮೇಲಿನ ಹೊತ್ತು ಒಳ್ಳೆಯದು. ಭಾನುವಾರ ಸಂಜೆ ಹೋಂವರ್ಕಿನ ನೆನಪು ತಲೆಮೇಲೆ ಕೂತಿರುತ್ತೆ.

ಎಸ್ಕೆಬಿ

ಇದಕ್ಕೊಂದು ಸೇರಿಕೆ. ಮೊದಲ ಎರಡು ಶನಿವಾರ ಅವನು ಹತ್ತಿರವೂ ಬರದಿದ್ದರೆ ಗಾಬರಿ ಬೇಡ. ಮೂರು ನಾಲ್ಕು ವಾರವಾದರೂ ಯಾವುದನ್ನೂ ಕಣ್ಣೆತ್ತಿ ನೋಡಲ್ಲ, ಗೆಳೆಯರು ಕರೆದರೂ ಹೋಗಲ್ಲ ಅಂದರೆ ಮತ್ತೆ ನನ್ನ ಮೊದಲ ಪೋಸ್ಟಿಗೆ ಹೋಗಿ.

ಹೊಂಗೆನೆರಳು

ಸರಿ. ಮೊದಲು ರಕ್ತ ಮತ್ತು ಕಣ್ಣು. ಆಮೇಲೆ 555, ಎರಡು ಜೊತೆ. @ತಂತಿಮೀಟರ್ 9 ವೋಲ್ಟ್ ಬ್ಯಾಟರಿ ಬದಲು ಹಳೇ ಮೊಬೈಲ್ ಚಾರ್ಜರಿನ 5 ವೋಲ್ಟ್ ನಡೆಯುತ್ತಾ?

ತಂತಿಮೀಟರ್

555ಗೆ 4.5 ವೋಲ್ಟಿನಿಂದ ನಡೆಯುತ್ತೆ, ಎಲ್‌ಇಡಿ ಸ್ವಲ್ಪ ಮಂಕಾಗಿರುತ್ತೆ ಅಷ್ಟೇ. ಆದರೆ ಚಾರ್ಜರ್ ಬೇಡ, ಅದರ ಇನ್ನೊಂದು ತುದಿ ಗೋಡೆಯಲ್ಲಿರುತ್ತೆ. 1.5 ವೋಲ್ಟಿನ ನಾಲ್ಕು ಪೆನ್ಸಿಲ್ ಸೆಲ್ಲು, ನಾಲ್ಕರ ಹೋಲ್ಡರ್ ತನ್ನಿ, 6 ವೋಲ್ಟ್ ಆಗುತ್ತೆ, 9ರ ಬ್ಯಾಟರಿಗಿಂತ ಹೆಚ್ಚು ದಿನವೂ ಬರುತ್ತೆ. ಹೋಲ್ಡರಿಗೆ ಸ್ವಿಚ್ ಇರೋದನ್ನೇ ಕೇಳಿ.